ಕಸ್ತೂರೆವ್ವನ ಹೆಸರಿನ ತೊಟ್ಟಿಲು

ಅಪ್ಪ ಸಾಮಿಲ್ಲಿನಲ್ಲಿ ಕೂಲಿ ಕೇಳಿ ಬಂದಿದ್ದಾನೆಂಬ ಸುದ್ದಿ ಕಿವಿಗೆ ಬಿದ್ದಾಗ ಕಸ್ತೂರೆವ್ವ ತೊಟ್ಟಿಲ ಮೇಲಿನ ಬಾಲಕೃಷ್ಣನಿಗೆ ಕಣ್ಣು ಬರೆಯುತ್ತಿದ್ದಳು. ಕುಂಚ ಅಲ್ಲೇ ನಿಂತಿತು. ಕಲಘಟಗಿಯಲ್ಲಿ ನಾಲ್ಕು ತಲೆಮಾರಿನಿಂದ ಬಣ್ಣದ ತೊಟ್ಟಿಲು ಮಾಡಿಕೊಂಡು ಬಂದ ಮನೆಯ ಕುಬೇರಪ್ಪ ಅರವತ್ತರ ವಯಸ್ಸಿನಲ್ಲಿ ಇನ್ನೊಬ್ಬರ ಹಲಗೆ ಹೊರುವುದೇ? ಅದೂ ಎರಡೂ ಕಣ್ಣಿಗೆ ಪೊರೆ ಬಂದವನು?

“ಹೌದವಾ, ಕೇಳಿ ಬಂದೇನಿ,” ಎಂದ ಕುಬೇರಪ್ಪ. “ಮಂದಿ ನಮ್ಮ ತೊಟ್ಟಲಾ ಒಲ್ಲೆ ಅಂದ್ರ ನಾ ಏನ ಮಾಡ್ಲಿ?”

ಮಂದಿ ಒಲ್ಲೆ ಎಂದದ್ದಕ್ಕೆ ಕಾರಣ ಕಸ್ತೂರೆವ್ವನೇ. ಚೊಚ್ಚಲ ಕೂಸಿಗೆ ತವರಿನವರು ಕೊಡುವ ತೊಟ್ಟಿಲು ಅದು. ಇಪ್ಪತ್ತೆಂಟಾದರೂ ಮದುವೆಯಾಗದ ಮಗಳು ಕುಳಿತ ಮನೆಯಿಂದ ಅದನ್ನು ಒಯ್ಯುವುದು ಹೇಗೆ ಎಂದು ಸೂಲಗಿತ್ತಿ ಹನಮವ್ವ ಸಂತೆಯಲ್ಲಿ ಒಂದು ಮಾತು ಆಡಿದ್ದಳು. ೧೯೮೪ರ ಆ ವರ್ಷ ಆ ಮಾತು ಸುತ್ತಲಿನ ಹಳ್ಳಿಗಳನ್ನೆಲ್ಲ ಮುಟ್ಟಿತ್ತು. ಅಪ್ಪನ ಕಣ್ಣು ಮಂಜಾದಾಗಿನಿಂದ ಬಣ್ಣವೆಲ್ಲ ಕಸ್ತೂರೆವ್ವನದೇ. ಹನಮವ್ವನ ಮೊಮ್ಮಗ ಮಲಗಿದ ತೊಟ್ಟಿಲೂ ಅವಳು ಬರೆದದ್ದೇ. ಆದರೂ ಹೊಗಳಿಕೆ ಕುಬೇರಪ್ಪನಿಗೆ, ದೂರು ಮಗಳಿಗೆ. ಊರಿನ ನ್ಯಾಯ ಎಂದರೆ ಹೀಗೆ ನೋಡಿ. ತಾನು ಗಂಡನ ಮನೆಗೆ ಹೋದರೆ ಅಂಗಡಿ ಮುಚ್ಚುತ್ತದೆಂದೇ ಅವಳು ಬಂದ ವರಗಳನ್ನೆಲ್ಲ ವಾಪಸು ಕಳಿಸಿದ್ದಳು.

ಉಪಾಯ ಹೇಳಿದವನು ಈರಪ್ಪ. ತನ್ನೂರು ಸಂಶಿಯಿಂದ ಬಂದು ಎಂಟು ವರ್ಷದಿಂದ ಅವರ ಅಂಗಡಿಯಲ್ಲಿ ತೊಟ್ಟಿಲ ಕಾಲು ಕಡೆಯುತ್ತಿದ್ದವನು, ಮಾತು ಕಡಿಮೆ.

“ನನಗೂ ನಿನಗೂ ನಿಶ್ಚಯ ಆಗೇತಿ ಅಂತ ಸಕ್ಕರಿ ಹಂಚೂಣು. ನಾಕ ತೊಟ್ಟಲಾ ಹೋಗಿ ಕೂಸುಗಳು ಚೊಲೊ ಬೆಳದ್ರ ಮಂದಿ ಬಾಯಿ ಮುಚ್ಚತೈತಿ. ಶ್ರಾವಣದಾಗ ಕುಂಡಲಿ ಕೂಡಲಿಲ್ಲ ಅಂದ್ರಾತು.”

ಕಸ್ತೂರೆವ್ವ ದಂಗಾಗಿ ಅವನ ಮುಖ ನೋಡಿದಳು. ತಮಾಷೆಯ ಲಕ್ಷಣ ಕಾಣಲಿಲ್ಲ. ಸುಳ್ಳು ಹೇಳಲು ಬಾರದ ಅಪ್ಪನಿಗೆ ನಿಜ ತಿಳಿಸದೆ ಇಬ್ಬರೂ ಸಕ್ಕರೆ ಹಂಚಿಸಿಬಿಟ್ಟರು.

ಎಂಟೇ ದಿನಕ್ಕೆ ಹನಮವ್ವ ತಾನೇ ಗಿರಾಕಿ ಕರೆತಂದಳು. ಕುಬೇರಪ್ಪ ಬಸುರಿಯ ಹೆಸರು ಹೇಳಿ ತೊಟ್ಟಿಲಿಗೆ ಮೊದಲ ಗೂಟ ಬಡಿದ. ಹಾಗೆ ಹೆಸರು ಹಿಡಿದು ಬಡಿದ ಮೇಲೆ ಆ ತೊಟ್ಟಿಲನ್ನು ಅರ್ಧಕ್ಕೆ ಬಿಡಬಾರದು, ಬೇರೆಯವರಿಗೆ ಮಾರಬಾರದು, ಬಿಟ್ಟರೆ ಕೇಡು. ಅದು ಆ ಮನೆಯ ನೇಮ.

ಇನ್ನು ನಿಶ್ಚಯವಾದ ಗಂಡು ಹೆಣ್ಣು ಎದುರುಬದುರು ಕುಳಿತು ಕೆಲಸ ಮಾಡುವುದೆಂದರೇನು? ಹನಮವ್ವ ಗದರಿ, ಹಳೆಯ ಇಳಕಲ್ ಸೀರೆಯೊಂದನ್ನು ತನ್ನ ಕೈಯಾರೆ ಇಬ್ಬರ ನಡುವೆ ಪರದೆಯಂತೆ ಕಟ್ಟಿ ಹೋದಳು. ಅಂದಿನಿಂದ ಕಡೆದ ಕಾಲುಗಳು ಸೀರೆಯ ಕೆಳಗಿನಿಂದ ಉರುಳಿ ಬರತೊಡಗಿದವು. ಗಿಡ್ಡಾದದ್ದನ್ನು ಕಸ್ತೂರೆವ್ವ ಹಾಗೆಯೇ ವಾಪಸು ಉರುಳಿಸುವಳು. ಎಂಟು ವರ್ಷ ‘ಲೇ ಈರಪ್ಪಾ’ ಎಂದು ಬೈದವಳು ಈಗ ಗಿರಾಕಿಗಳ ಎದುರು “ಇದು ಸ್ವಲ್ಪ ಗಿಡ್ಡ ಆಗೇತೇನ್ರಿ” ಎನ್ನಬೇಕಾಯಿತು. ಸೀರೆಯ ಆಚೆ ಅವನು ನಗು ತಡೆಯಲಾರದೆ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳದ ದಿನ ಅವಳಿಗೆ ಬೇಸರವಾಗುತ್ತಿತ್ತು.

ಶ್ರಾವಣ ಬಂತು. ಒಪ್ಪಂದದಂತೆ ಸುಳ್ಳು ಮುಗಿಸಬೇಕೆಂದು ಅವಳು ನಡುವೆ ಕಟ್ಟಿದ್ದ ಆ ಹಳೆಯ ಸೀರೆಯನ್ನು ಬಿಚ್ಚಿದಳು. ಆಚೆ ಈರಪ್ಪನ ಪಕ್ಕದಲ್ಲಿ ಬಣ್ಣ ಕಾಣದ ಸಾಗವಾನಿ ತೊಟ್ಟಿಲೊಂದು ನಿಂತಿತ್ತು. ಅಷ್ಟು ನಯವಾದ ಕಾಲುಗಳನ್ನು ಅವನು ಯಾವ ಗಿರಾಕಿಗೂ ಕಡೆದಿರಲಿಲ್ಲ.

“ಯಾರದು?”

“ನಿಂದು. ಈ ಸೀರಿ ಕಟ್ಟಿದ ದಿನಾನ ನಿನ್ನ ಹೆಸರ ಹಿಡದ ಗೂಟಾ ಬಡದೇನಿ.”

ಕೈಯಲ್ಲಿದ್ದ ಸೀರೆಯನ್ನು ಕಸ್ತೂರೆವ್ವ ನೆಲಕ್ಕೆ ಎಸೆದಳು. “ನನ್ನ ಒಂದ ಮಾತ ಕೇಳಬೇಕಂತ ಅನಸಲಿಲ್ಲ?”

“ಕೇಳಿದ್ರ ಒಲ್ಲೆ ಅಂತಿದ್ದಿ. ಮದುವಿಯಾದ್ರೂ ನಿನ್ನ ಸಂಶಿಗೆ ಒಯ್ಯೂದಿಲ್ಲ. ನಾನ ಇಲ್ಲೇ ಇರತೇನಿ. ಮನಿಯಳಿಯ ಅಂತ ಮಂದಿ ನಗಲಿ.”

ಅವಳಿಗೆ ಸಿಟ್ಟು ಬಂತು. ಅವನು ಬೇಡವಾಗಿದ್ದನೆಂದಲ್ಲ. ತನ್ನ ಬಣ್ಣ ಇಷ್ಟು ದಿನ ಅಪ್ಪನ ಹೆಸರಿನಲ್ಲಿ ಹೋಯಿತು. ಈಗ ತನ್ನ ಹೆಸರನ್ನೂ ಇನ್ನೊಬ್ಬ ತನ್ನನ್ನು ಕೇಳದೆ ಬಡಿದುಬಿಟ್ಟನಲ್ಲ ಎಂಬ ಸಂಕಟ ಅದು. ಬಾಗಿಲಲ್ಲಿ ಕುಳಿತಿದ್ದ ಅಪ್ಪನ ಎದುರು ನಿಂತು ಸಕ್ಕರೆಯ ಸುಳ್ಳಿನಿಂದ ಹಿಡಿದು ಗೂಟದವರೆಗೆ ಎಲ್ಲವನ್ನೂ ಹೇಳಿದಳು.

ಮುದುಕ ಕೊನೆಯವರೆಗೆ ಕೇಳಿದ. ಆಮೇಲೆ ಅಂದ:

“ಅಂಥಾ ನೇಮ ಇಲ್ಲವಾ. ಗಿರಾಕಿ ಅರ್ಧಕ್ಕ ಕೈ ಬಿಡಬಾರದಂತ ನಮ್ಮಪ್ಪ ಹುಟ್ಟಿಸಿದ ಮಾತದು. ಬ್ಯಾಡಾದ್ರ ಗೂಟಾ ಕಿತ್ತು ಮಾರಿಬಿಡು.”

ತಲೆತಲಾಂತರದ ನೇಮ ಎಂದು ಹೆದರಿ ಬದುಕಿದ್ದು ಅಜ್ಜನ ವ್ಯಾಪಾರದ ಜಾಣತನವೇ? ಈರಪ್ಪನ ಮುಖ ಸುಣ್ಣವಾಯಿತು. ಎಂಟು ವರ್ಷ ಹೇಳಲಾಗದ್ದನ್ನು ಅವನು ಆ ಒಂದು ಗೂಟದ ಮೇಲೆ ನೇತುಹಾಕಿದ್ದ.

ಕಸ್ತೂರೆವ್ವ ಸುತ್ತಿಗೆ ತಂದು ಗೂಟವನ್ನು ಹೊರಗೆ ಹೊಡೆದಳು. ಅವನು ತಡೆಯಲಿಲ್ಲ, ತಲೆ ಎತ್ತಲೂ ಇಲ್ಲ. ಕೈಯಲ್ಲಿ ಗೂಟ ಹಿಡಿದು ಅವಳು ತೊಟ್ಟಿಲನ್ನು ಒಂದು ಸುತ್ತು ನೋಡಿದಳು. ಬೇಕಾದರೆ ಮಾರಬಹುದು, ಬೇಕಾದರೆ ಇಟ್ಟುಕೊಳ್ಳಬಹುದು. ಅಂಥ ಮಾತು ಅವಳ ಪಾಲಿಗೆ ಎಂದೂ ಬಂದಿರಲಿಲ್ಲ.

ಗೂಟವನ್ನು ಅದೇ ತೂತಿಗೆ ಇಟ್ಟು ತನ್ನ ಹೆಸರು ಹೇಳಿ ಬಡಿದಳು. ಈರಪ್ಪ ಕೆಮ್ಮಿದ.

“ಯಾರ ಹೆಸರ ಹಿಡದಿ?” ಕಣ್ಣು ಕಾಣದ ಕುಬೇರಪ್ಪ ಬಾಗಿಲಿನಿಂದ ಕೇಳಿದ.

ಹೊರಗೆ ಹನಮವ್ವ ಇನ್ನೊಬ್ಬ ಗಿರಾಕಿಯನ್ನು ಕರೆದುಕೊಂಡು ಬರುತ್ತಿದ್ದಳು. ಅವಳಿಗೂ ಕೇಳಲಿ ಎಂದು ಕಸ್ತೂರೆವ್ವ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿ ಇನ್ನೊಂದು ಏಟು ಹಾಕಿದಳು.