ಬೆಸಾಂವ್ ನಾಳೆ

ನನ್ನ ಅಪ್ಪನ ಬಲಗೈ ದಿನಕ್ಕೆ ಎರಡು ಕೆಲಸ ಮಾಡುತ್ತಿತ್ತು. ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ನಮ್ಮ ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಿತ್ತು. ಆಮೇಲೆ ಅಮ್ಮನ ಜುಟ್ಟು ಹಿಡಿಯುತ್ತಿತ್ತು. ಇವೆರಡರ ನಡುವೆ ಒಂದು ಊಟ ಇರಬೇಕಿತ್ತು, ಹೆಚ್ಚಿನ ದಿನ ಅದು ಇರುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಊರಿನವರು ನಗುತ್ತ ಹೇಳುವುದುಂಟು. ನಮ್ಮ ಮನೆಯಲ್ಲಿ ಉಣ್ಣುವ ಮೊದಲೇ ಅನ್ನದ ಪಾತ್ರೆ ಅಂಗಳದಲ್ಲಿ ಬಿದ್ದಿರುತ್ತಿತ್ತು. ಆ ಗಾದೆ ಮಾಡಿದವನು ಸಿಕ್ಕಿದ್ದರೆ ಅವನನ್ನು ಒಂದು ವಾರ ನಮ್ಮ ಅಡುಗೆಮನೆಯಲ್ಲಿ ಕೂರಿಸುತ್ತಿದ್ದೆ.

ಶಂಕರಪುರದ ಬದಿಯಲ್ಲಿ ನಮ್ಮ ಮನೆ. ಮನೆಯ ಮುಂದೆ ಮಲ್ಲಿಗೆ ಗಿಡಗಳು, ಒಳಗೆ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು ಮತ್ತು ನನ್ನ ತಂಗಿ. ನಮ್ಮಂಥ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ಎಲ್ಲರೂ ದೇವರ ಪೀಠದ ಎದುರು ಮೊಣಕಾಲೂರಿ ಜಪಮಾಲೆ ಹೇಳುತ್ತಾರೆ. ಅದಕ್ಕೆ ತೇರ್ಸ ಎನ್ನುತ್ತೇವೆ. ತೇರ್ಸ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು 'ಬೆಸಾಂವ್' ಎಂದು ಕೇಳಬೇಕು. ಅವರು ಹಣೆ ಮುಟ್ಟಿ 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ, ಎಂದು ಆಶೀರ್ವಾದ ಕೊಡಬೇಕು. ಮಕ್ಕಳಾದ ನಾವು ಅಮ್ಮನ ಹತ್ತಿರ, ಅಪ್ಪನ ಹತ್ತಿರ, ಅಜ್ಜಿಯ ಹತ್ತಿರ ಕೇಳುತ್ತಿದ್ದೆವು. ಅಮ್ಮ ಅಪ್ಪನ ಹತ್ತಿರ ಕೇಳುತ್ತಿದ್ದಳು, ಅಪ್ಪ ಅಜ್ಜಿಯ ಹತ್ತಿರ. ಬೆಸಾಂವ್ ಕೇಳಿದವರಿಗೆ ಇಲ್ಲ ಎಂದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

ಅಪ್ಪ ಲಾರಿ ಡ್ರೈವರ್. ಹೆಜಮಾಡಿಯಲ್ಲಿ ಒಣಮೀನು ತುಂಬಿಕೊಂಡು, ಕಾರ್ಕಳ ದಾಟಿ ಘಟ್ಟ ಹತ್ತುತ್ತಿದ್ದ. ಇಳಿದು ಬಂದ ದಿನ ಕಾಪುವಿನ ಗಡಂಗಿನಲ್ಲಿ ಸಾರಾಯಿ ಕುಡಿದು, ಅಲ್ಲಿ ಯಾರಾದರೂ ಸಿಕ್ಕಿದರೆ ಅವರಿಗೆ ಹೊಡೆದು, ಸಿಗದಿದ್ದರೆ ಮನೆಗೆ ಬಂದು ಹೊಡೆಯುತ್ತಿದ್ದ. ಕಾರಣ ಬೇಕಿರಲಿಲ್ಲ. ಸಾರಿಗೆ ಹುಳಿ ಹೆಚ್ಚಾದರೆ ಸಾರು ಅಮ್ಮನ ಮುಖಕ್ಕೆ ಹೋಗುತ್ತಿತ್ತು, ಕಡಿಮೆಯಾದರೆ ಬಟ್ಟಲೇ ಹೋಗುತ್ತಿತ್ತು. ಒಮ್ಮೆ ಒಲೆಯಲ್ಲಿ ಉರಿಯುತ್ತಿದ್ದ ಕೊಳ್ಳಿಯನ್ನೇ ಎಳೆದು ಅವಳ ತೋಳಿಗೆ ಇಟ್ಟಿದ್ದ. ಸುಟ್ಟ ಚರ್ಮದ ವಾಸನೆ ಹುರಿದ ಮೀನಿನ ವಾಸನೆಯ ಜೊತೆ ಸೇರಿಕೊಂಡಿತ್ತು. ಆಮೇಲೆ ಬಹಳ ಕಾಲ ನಾನು ಹುರಿದ ಮೀನು ತಿನ್ನಲಿಲ್ಲ. ಇನ್ನೊಮ್ಮೆ ಅವಳ ತಲೆಯನ್ನು ಬಾಗಿಲ ದಾರಂದಕ್ಕೆ ಗುದ್ದಿದಾಗ ಅವಳು ಬಿದ್ದಲ್ಲಿಂದ ಏಳಲಿಲ್ಲ. ತಂಗಿ ನೀರು ಚಿಮುಕಿಸುತ್ತಿದ್ದಳು. ಅಮ್ಮ ಒಂದು ದಿನ ಇವನ ಕೈಯಲ್ಲಿ ಸಾಯುತ್ತಾಳೆ ಎಂದು ನನಗೆ ಅಂದೇ ಖಾತ್ರಿಯಾಯಿತು. ಶಾಲೆಯಿಂದ ಬರುವಾಗ ದಿನವೂ ದೂರದಿಂದಲೇ ನಮ್ಮ ಅಂಗಳದಲ್ಲಿ ಜನ ಸೇರಿದ್ದಾರೆಯೇ ಎಂದು ನೋಡುತ್ತಿದ್ದೆ.

ಇಷ್ಟಾದರೂ ಮರುದಿನ ಬೆಳಗ್ಗೆ ಅಮ್ಮ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕಳುಹಿಸುತ್ತಿದ್ದಳು. ಹೂ ಒಯ್ಯಲು ಬರುವವರು ಅವಳ ಮುಖ ನೋಡಿ ಎಂತ ಆಯಿತು ಎಂದು ಕೇಳಿದರೆ 'ದೇವರು ನೋಡಿಕೊಳ್ಳುತ್ತಾನೆ' ಎನ್ನುತ್ತಿದ್ದಳು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ದೇವರು ನೋಡುತ್ತಲೇ ಇದ್ದಾನಲ್ಲ, ಪೀಠದ ಮೇಲಿರುವ ಅವನ ಕಣ್ಣೆದುರೇ ತಾನೇ ಎಲ್ಲ ನಡೆಯುವುದು ಎಂದು ನಾನು ಒಮ್ಮೆ ಹೇಳಿದೆ. ಅಮ್ಮ ನನ್ನ ಬಾಯಿಯ ಮೇಲೆ ಒಂದು ಕೊಟ್ಟಳು. ಅವಳು ನನಗೆ ಹೊಡೆದದ್ದು ಅದೊಂದೇ ಸಲ.

ಅವಳು ಸುಮ್ಮನೆ ಸಹಿಸಿಕೊಂಡಿರಲಿಲ್ಲ ಎಂದು ನನಗೆ ತಿಳಿಯಲು ಸಮಯ ಬೇಕಾಯಿತು. ಅಪ್ಪನಿಗೆ ಒಂದು ಹೆದರಿಕೆ ಇತ್ತು. ತೇರ್ಸ ನಡೆಯುವಾಗ ಅವನು ಕೈ ಎತ್ತುತ್ತಿರಲಿಲ್ಲ. ಎಷ್ಟೇ ಕುಡಿದಿರಲಿ, ಗೋಡೆಗೆ ಒರಗಿಕೊಂಡಾದರೂ ಮೊಣಕಾಲೂರುತ್ತಿದ್ದ. ಇದನ್ನು ಗಮನಿಸಿದ ಅಮ್ಮ ತೇರ್ಸವನ್ನು ಉದ್ದ ಮಾಡತೊಡಗಿದಳು. ಜಪಮಾಲೆಯ ಐದು ಭಾಗಗಳಾದ ಐದು ರಹಸ್ಯ ಮುಗಿದ ಮೇಲೆ ತನ್ನ ಸತ್ತ ಮಾವನಿಗೆ ಒಂದು ಪ್ರಾರ್ಥನೆ, ಅವರ ಅಪ್ಪನಿಗೆ ಒಂದು, ಯಾರೂ ನೆನೆಯದ ಆತ್ಮಗಳಿಗೆ ಒಂದು. ಕಡಲಿಗೆ ಹೋದವರಿಗೆ, ಬೊಂಬಾಯಿಗೆ ಹೋದವರಿಗೆ, ಗಲ್ಫಿಗೆ ಹೋದವರಿಗೆ. ಬಳಿಕ ಸಂತರ ಹೆಸರುಗಳ ದೊಡ್ಡ ಮಾಲೆ. ನೆರೆಮನೆಯ ತುಳುವರ ಹಸುವಿಗೆ ಹೊಟ್ಟೆ ಉಬ್ಬರಿಸಿದ ದಿನ ಆ ಹಸುವಿಗೂ ಒಂದು. ನಮ್ಮ ಮೊಣಕಾಲು ಮರಗಟ್ಟುತ್ತಿತ್ತು. ಅವಳು ಒಂದು ಕಣ್ಣು ಪೀಠದಲ್ಲಿದ್ದ ದೇವಮಾತೆಯ ಪ್ರತಿಮೆಯ ಮೇಲೆ, ಒಂದು ಕಣ್ಣು ಅಪ್ಪನ ಮೇಲೆ ಇಟ್ಟುಕೊಂಡು, ಅವನ ತಲೆ ತೂಗಾಡಿ ಗೊರಕೆ ಬರುವ ತನಕ ಎಳೆಯುತ್ತಿದ್ದಳು. ಗೊರಕೆ ಬಂದ ದಿನ ನಾವು ಸದ್ದಿಲ್ಲದೆ ಎದ್ದು ಊಟ ಮಾಡುತ್ತಿದ್ದೆವು. ಬಾರದ ದಿನ ಅವಳು ತಿನ್ನುವುದು ಬೇರೆಯೇ ಇತ್ತು.

ಅವನಿಗೆ ಇನ್ನೊಂದು ಹೆದರಿಕೆಯೂ ಇತ್ತು. ಅಜ್ಜಿಯ ಬೆಸಾಂವ್ ಇಲ್ಲದೆ ಅವನು ಲಾರಿ ಹತ್ತುತ್ತಿರಲಿಲ್ಲ. ಘಟ್ಟದ ತಿರುವುಗಳಲ್ಲಿ ತನ್ನನ್ನು ಉಳಿಸಿದ್ದು ತಾಯಿಯ ಕೈ ಎಂದು ಎಲ್ಲರ ಹತ್ತಿರ ಹೇಳಿಕೊಳ್ಳುತ್ತಿದ್ದ. ಅಜ್ಜಿಯೂ ಹಣೆ ಮುಟ್ಟಿ ಕಳುಹಿಸುತ್ತಿದ್ದಳು. ಸೊಸೆ ಪೆಟ್ಟು ತಿನ್ನುವಾಗ ಅವಳು ಮೂಲೆಯ ಚಾಪೆಯಲ್ಲಿ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳು. ಅಮ್ಮ ಅತ್ತರೆ 'ನಾನೂ ತಿಂದಿದ್ದೇನೆ, ಎಲ್ಲರಿಗೂ ಉಂಟು' ಎನ್ನುತ್ತಿದ್ದಳು. ಅಜ್ಜಿಯ ಮೇಲೆ ನನಗೆ ಅಪ್ಪನ ಮೇಲಿದ್ದಷ್ಟೇ ಸಿಟ್ಟಿತ್ತು.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲ. ಆ ಸಂಜೆ ಅಪ್ಪ ಗಡಂಗಿನಲ್ಲಿ ಹೊಡೆಯಲು ಹೋಗಿ ಹೊಡೆಸಿಕೊಂಡು ಬಂದಿದ್ದ. ತುಟಿ ಹರಿದಿತ್ತು, ಅಂಗಿಯ ಮೇಲೆ ರಕ್ತ. ನಾವು ತೇರ್ಸದ ನಡುವೆ ಇದ್ದೆವು. ಅವನು ಮೊಣಕಾಲೂರಲಿಲ್ಲ.

"ಸಾಕು. ನಿಲ್ಲಿಸು" ಎಂದ.

ಅಮ್ಮ ಆತ್ಮಗಳ ಪ್ರಾರ್ಥನೆಗೆ ಬಂದಿದ್ದಳು. ತಿರುಗಿ ನೋಡದೆ ಮುಂದುವರಿಸಿದಳು, ಸ್ವರ ಮಾತ್ರ ಸ್ವಲ್ಪ ಏರಿತು. ಅಪ್ಪ ಅವಳ ಬೆನ್ನಿಗೆ ಒದ್ದ. ಅವಳು ಮುಂದಕ್ಕೆ ಬಿದ್ದು ಎರಡೂ ಕೈಗಳನ್ನು ನೆಲಕ್ಕೆ ಊರಿದಳು. ಬಲಗೈಯಲ್ಲಿ ಜಪಮಾಲೆ ಇತ್ತು. ಟಯರಿನ ಚಪ್ಪಲಿಯ ಹಿಮ್ಮಡಿಯಿಂದ ಅವನು ಆ ಕೈಯನ್ನು ತುಳಿದ. ಮತ್ತೆ ತುಳಿದ. ಒಣ ಕಟ್ಟಿಗೆ ಮುರಿದಂತೆ ಸದ್ದಾಯಿತು. ಅವನು ಕಾಲು ಅಲ್ಲೇ ಇಟ್ಟು ತಿರುಚಿದ. ಮಾಲೆ ಹರಿದು ಮಣಿಗಳು ನೆಲದ ತುಂಬ ಓಡಿದವು. ನಾನು ಅವನ ಕಾಲಿಗೆ ಹಲ್ಲು ಹಾಕಿದೆ. ಅವನು ನನ್ನನ್ನು ಕೊಡವಿ ಎಸೆದ ರಭಸಕ್ಕೆ ನನ್ನ ಗಲ್ಲ ಪೀಠದ ಅಂಚಿಗೆ ಬಡಿದು ಸೀಳಿತು. ಆ ಗುರುತು ಈಗಲೂ ಉಂಟು. ಅಮ್ಮ ಕಿರುಚಲಿಲ್ಲ. 'ಆಮೆನ್' ಎಂದಳು, ಆಮೇಲೆ ಎಚ್ಚರ ತಪ್ಪಿತು.

ಮಣಿಪಾಲದ ಆಸ್ಪತ್ರೆಯಲ್ಲಿ ಎಳೆಯ ಪ್ರಾಯದ ಡಾಕ್ಟರು ಹೇಗಾಯಿತು ಎಂದು ಕೇಳಿದರು. "ಪ್ರಾರ್ಥನೆ ಮಾಡುವಾಗ ಆದದ್ದು" ಎಂದಳು ಅಮ್ಮ. ಸುಳ್ಳು ಹೇಳುವವಳಲ್ಲ ಅವಳು. ಡಾಕ್ಟರು ನನ್ನ ಗಲ್ಲದ ಹೊಲಿಗೆಯನ್ನೂ ಅವಳ ಕೈಯನ್ನೂ ನೋಡಿ ಎಕ್ಸ್‌ರೇ ಚೀಟಿ ಬರೆದರು. ಬೆರಳುಗಳು ಕೂಡಿದವು, ಆದರೆ ತೋರುಬೆರಳು ಮತ್ತು ನಡುಬೆರಳು ಹೆಬ್ಬೆರಳಿನ ಕಡೆಗೆ ಬಾಗಿ ಹಾಗೆಯೇ ನಿಂತವು. ಕುಕ್ಕುಂದೂರಿನಿಂದ ಸೋದರಮಾವ ಹಲಸಿನ ಹಪ್ಪಳ ಹಿಡಿದುಕೊಂಡು ಬಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯವನು. ಅಪ್ಪನ ಜೊತೆ ಮಳೆಯ ವಿಷಯ ಮಾತಾಡಿ, ಕೊನೆಯ ಬಸ್ಸಿಗೆ ಹೋದ. ಪಾದ್ರಿಗಳು ಬಂದು, ಶಿಲುಬೆ ಪ್ರತಿಯೊಬ್ಬರಿಗೂ ಇರುತ್ತದೆ, ಭಾರ ದೇವರ ಮೇಲೆ ಹಾಕಮ್ಮ ಎಂದರು. ಯೇಸು ಶಿಲುಬೆ ಹೊತ್ತಾಗಲೂ ದಾರಿಯಲ್ಲಿ ಒಬ್ಬ ಹೆಗಲು ಕೊಟ್ಟಿದ್ದ, ನಮ್ಮ ದಾರಿಯಲ್ಲಿ ಅಷ್ಟು ಜನವೂ ಇಲ್ಲ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಹೆಗಲು ಬಂದದ್ದು ಮೂಲೆಯ ಚಾಪೆಯಿಂದ. ಅಮ್ಮ ಆಸ್ಪತ್ರೆಯಿಂದ ಬಂದ ಸಂಜೆ, ಕೈಗೆ ಬಿಳಿ ಕಟ್ಟು ಕಟ್ಟಿಕೊಂಡೇ ತೇರ್ಸ ಹೇಳಿಸಿದಳು. ಅಪ್ಪ ಅಂದು ಕುಡಿದಿರಲಿಲ್ಲ, ಬೆಳಗಾದರೆ ಘಟ್ಟ ಹತ್ತಬೇಕಿತ್ತು. ಮುಗಿದ ಮೇಲೆ ಅಜ್ಜಿಯ ಮುಂದೆ ತಲೆ ಬಾಗಿಸಿ ಬೆಸಾಂವ್ ಕೇಳಿದ. ಅಜ್ಜಿ ಎರಡೂ ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡಳು.

ಅವನು ಮತ್ತೆ ಕೇಳಿದ. ಅಜ್ಜಿ ಅಲುಗಲಿಲ್ಲ.

"ಎಂತ, ಕಿವಿ ಕೇಳುವುದಿಲ್ಲವಾ?"

"ಕೇಳುತ್ತದೆ. ಕೊಡುವುದಿಲ್ಲ."

ಅಪ್ಪ ಅವಳ ಭುಜ ಹಿಡಿದು ಅಲ್ಲಾಡಿಸಿದ. ತಲೆ ಗೋಡೆಗೆ ತಾಗಿತು. ಕೈ ಎತ್ತಿದ. ಅಜ್ಜಿ ಮುಖವನ್ನು ಎಡಕ್ಕೆ ತಿರುಗಿಸಿ ಕಿವಿಯ ಕೆಳಗಿನ ಹಳೆಯ ಕಲೆಯನ್ನು ತೋರಿಸಿದಳು. "ಹೊಡೆ ಮಾರಾಯ. ನಿನ್ನ ಅಪ್ಪ ಹೊಡೆದ ಜಾಗ ಇದು. ಅಲ್ಲಿಗೇ ಹೊಡೆ. ಅವನು ಹೊಡೆಯುವಾಗ ನೀನು ಈ ಚಾಪೆಯಲ್ಲೇ ಕೂತು ಅಳುತ್ತಿದ್ದಿ, ಅಲ್ವಾ?"

ಎತ್ತಿದ ಕೈಯನ್ನು ಅವನು ಪೀಠದ ಗಾಜಿನ ಪೆಟ್ಟಿಗೆಗೆ ಅಪ್ಪಳಿಸಿದ. ಗಾಜು ಒಡೆದು ಮುಂಗೈ ಸೀಳಿತು, ಮಾತೆಯ ಪ್ರತಿಮೆಯ ಮೇಲೆ ರಕ್ತ ಚಿಮ್ಮಿತು. ಅಪ್ಪ ಆ ರಕ್ತ ನೋಡಿ ಕೂತುಬಿಟ್ಟ. ಕಟ್ಟು ಕಟ್ಟಿದವಳು ಅಮ್ಮ, ಒಂದೇ ಕೈಯಲ್ಲಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು. ನಾನು ಬಟ್ಟೆ ತಂದುಕೊಡಲಿಲ್ಲ.

ಮರುದಿನ ಹಟಕ್ಕೆ ಬಿದ್ದು ಬೆಸಾಂವ್ ಇಲ್ಲದೆಯೇ ಲಾರಿ ತೆಗೆದ. ಘಟ್ಟ ಸಿಗುವ ಮೊದಲೇ, ಕಾರ್ಕಳದ ಇಳಿಜಾರಿನಲ್ಲಿ ಲಾರಿ ವಿದ್ಯುತ್ ಕಂಬಕ್ಕೆ ಹೊಡೆಯಿತು. ಗಾಯದ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸಿದರೆ ಇನ್ನೇನಾಗುತ್ತದೆ? ಆದರೆ ಅವನು ಹಾಗೆ ತಿಳಿಯಲಿಲ್ಲ. ಬಾಗಿಲಲ್ಲಿ ಬಂದು ನಿಂತಾಗ ಮುಖ ಸುಣ್ಣದಂತಿತ್ತು. ಅಂದಿನಿಂದ ಘಟ್ಟ ಹತ್ತುವುದನ್ನು ಬಿಟ್ಟು, ದಿನವೂ ಕೇಳಿದ. ಅಜ್ಜಿ ಕೊಡಲಿಲ್ಲ. ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಅಜ್ಜಿಗೆ ಜ್ವರ ಹಿಡಿದು, ಸಾಯುವವರಿಗೆ ಪಾದ್ರಿಗಳು ಎಣ್ಣೆ ಹಚ್ಚುವ ಕೊನೆಯ ಅಭಿಷೇಕವೂ ಆಯಿತು. ಅಪ್ಪ ಹಾಸಿಗೆಯ ಬದಿಯಲ್ಲಿ ಮೊಣಕಾಲೂರಿ, ಇನ್ನಾದರೂ ಕೊಡು ಎಂದು ಅತ್ತ. ಅಜ್ಜಿ ಅಮ್ಮನನ್ನು ಹತ್ತಿರ ಕರೆದು, ಅವಳ ಬಾಗಿದ ಬೆರಳುಗಳನ್ನು ಹಿಡಿದುಕೊಂಡಳು.

"ನನ್ನದೆಲ್ಲ ಇವಳಿಗೆ ಕೊಟ್ಟಾಯಿತು. ನಿನಗೆ ಬೇಕಾದರೆ ಇವಳ ಹತ್ತಿರ ಕೇಳು."

ಗಂಡ ಹೆಂಡತಿಯ ಹತ್ತಿರ ಬೆಸಾಂವ್ ಕೇಳುವ ಕ್ರಮ ನಮ್ಮಲ್ಲಿ ಇಲ್ಲ. ಆದರೆ ಅಜ್ಜಿಯನ್ನು ಮಣ್ಣು ಮಾಡಿ ಬಂದ ವಾರವೇ ಅಪ್ಪನಿಗೆ ಘಟ್ಟ ಹತ್ತುವ ಕೆಲಸ ಬಂತು. ಬೆಳಗ್ಗೆ ಅಮ್ಮ ಹೂ ಕಟ್ಟುತ್ತಿದ್ದಳು, ಆಗಲೇ ಎಡಗೈಯಲ್ಲಿ ಕಲಿತಿದ್ದಳು. ಅವನು ಎದುರು ನಿಂತು, ನೆಲ ನೋಡುತ್ತ, ಬೆಸಾಂವ್ ಎಂದ.

"ದೇವರು ನೋಡಿಕೊಳ್ಳುತ್ತಾನೆ, ಹೋಗಿ ಬನ್ನಿ" ಎಂದಳು ಅಮ್ಮ. "ಬೆಸಾಂವ್ ನಾಳೆ."

ಅವನು ಹೋದ, ಮೆಲ್ಲನೆ ಓಡಿಸಿಕೊಂಡು ವಾಪಸು ಬಂದ, ಮತ್ತೆ ಕೇಳಿದ. ನಾಳೆ ಎಂದಳು. ಹೀಗೆ ವರ್ಷಗಳು ಕಳೆದವು. ಅವನು ಸಂತನಾದ ಎಂದು ಯಾರೂ ತಿಳಿಯಬೇಡಿ. ಕುಡಿಯುತ್ತಿದ್ದ, ಬೈಯುತ್ತಿದ್ದ, ಮಡಕೆ ಒಡೆಯುತ್ತಿದ್ದ, ನಾಯಿಯ ಕಾಲು ಮುರಿದ. ಒಮ್ಮೆ ಅವಳ ಕಡೆಗೆ ಎತ್ತಿದ ಕತ್ತಿಯನ್ನು ತಿರುಗಿಸಿಕೊಂಡು ಅಂಗಳಕ್ಕೆ ಇಳಿದು, ಮಲ್ಲಿಗೆ ಗಿಡಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕಡಿದು ಹಾಕಿದ. ನಾವು ಬಾಗಿಲ ಹಿಂದೆ ಅಡಗಿದೆವು. ಅಮ್ಮ ಮಾತ್ರ "ಹೇಗೂ ಸವರಬೇಕಿತ್ತು" ಎಂದಳು. ಎತ್ತಿದ ಕೈ ಅವಳ ಮೇಲೆ ಮಾತ್ರ ಬೀಳಲಿಲ್ಲ. ಬಿದ್ದರೆ ನಾಳೆ ಎಂಬುದು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಕಾಲೇಜಿಗೆ ಹೋಗುವ ಕಾಲಕ್ಕೆ ನನಗೆ ಎಲ್ಲರನ್ನೂ ಕೆಣಕುವ ಚಟ. ನಿನ್ನ ಭರವಸೆ ದೇವರ ಮೇಲೋ ಈ ಉಪಾಯದ ಮೇಲೋ ಎಂದು ಅಮ್ಮನನ್ನು ಕೇಳಿದೆ. ಅವಳು ನಾರು ಎಳೆಯುತ್ತಲೇ, "ದೇವರನ್ನು ಯಾವಾಗಲೂ ನಂಬಿದೆ. ನಿನ್ನ ಅಪ್ಪನನ್ನು ನಂಬಲಿಲ್ಲ. ಎರಡನ್ನೂ ಒಂದೇ ಮಾಡಬೇಡ" ಎಂದಳು.

ಎಂಬತ್ತರ ದಶಕದ ನಡುವಿನಲ್ಲಿ ಅಪ್ಪ ಸತ್ತ. ಲಾರಿಯಲ್ಲಿ ಅಲ್ಲ, ಲಿವರ್ ಕೆಟ್ಟು ಹೋಗಿ. ಪೆಟ್ಟಿಗೆಯಲ್ಲಿ ಕೋಟು ಹಾಕಿಸಿ ಮಲಗಿಸಿ, ನಮ್ಮ ಕ್ರಮದಂತೆ ಎರಡು ಕೈಗಳನ್ನು ಎದೆಯ ಮೇಲೆ ಸೇರಿಸಿ ಜಪಮಾಲೆಯಿಂದ ಸುತ್ತಿದ್ದರು. ಅಳು ಬರುತ್ತದೆ ಎಂದುಕೊಂಡಿದ್ದೆ, ಸಿಟ್ಟೇ ಬಂತು. ಇಷ್ಟು ಸುಲಭವಾಗಿ ಹೊರಟುಹೋದನಲ್ಲ ಎಂಬ ಸಿಟ್ಟು. ಮುಚ್ಚಳ ಹಾಕುವ ಮೊದಲು ಅಮ್ಮ ಹತ್ತಿರ ಹೋದಳು. ಮೊದಲು ಆ ಕೈಗಳನ್ನು ನೋಡಿದಳು, ಮಾಲೆಯ ಸುತ್ತು ಬಿಗಿಯಾಗಿದೆಯೇ ಎಂದು ಮುಟ್ಟಿಯೂ ನೋಡಿದಳು. ಬಳಿಕ ಬಾಗಿದ ಎರಡು ಬೆರಳುಗಳಿಂದ ಅವನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, "ದೇವ್ ಬರೆಂ ಕರುಂ" ಎಂದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ನಾನಾಗಿದ್ದರೆ ಕೊಡುತ್ತಿರಲಿಲ್ಲ, ಇಂದಿಗೂ ಕೊಡಲಾರೆ.

ಆ ಸಂಜೆ ಬಂಧುಗಳೆಲ್ಲ ಹೋದ ಮೇಲೆ ನಾವು ಮೂವರು ಪೀಠದ ಎದುರು ಮೊಣಕಾಲೂರಿದೆವು. ಅಮ್ಮ ಐದು ರಹಸ್ಯ ಹೇಳಿದಳು. ಸತ್ತವನಿಗೆ ಒಂದು ಪ್ರಾರ್ಥನೆ ಸೇರಿಸಿದಳು. ಅಷ್ಟಕ್ಕೇ ಶಿಲುಬೆ ಹಾಕಿಕೊಂಡು ಎದ್ದು, ಅನ್ನ ಬಡಿಸಲು ಒಳಗೆ ಹೋದಳು. ತೇರ್ಸ ಮುಗಿದದ್ದು ನನಗೂ ತಂಗಿಗೂ ತಿಳಿಯಲಿಲ್ಲ. ಅವಳು ಕರೆಯುವ ತನಕ ನಾವು ಮೊಣಕಾಲೂರಿಯೇ ಇದ್ದೆವು.