ಎರಡಕ್ಕೂ ಒಂದೇ ಘೇರ

ಕಳೆದ ವರ್ಷ ಫೆಬ್ರವರಿಯ ಒಂದು ರವಿವಾರ ಮುಂಜಾನೆ ಅವ್ವ ಖಾನಾಪುರದ ಮನೆಯ ಬದಿಯ ಖಾಲಿ ಜಾಗವನ್ನು ಅಕ್ಕನಿಗೂ ಬೆಳಗಾವಿಯ ನನ್ನ ಮನೆಯಿಂದ ಬಂದಿದ್ದ ನನಗೂ ಎರಡು ಪಾಲು ಮಾಡಿದಳು. ಅಳೆದದ್ದು ಲಂಗಕ್ಕೆ ಪೋಣಿಸುವ ಲಾಡಿಯಿಂದ.

ಅವ್ವ ಲಂಗ ಹೊಲಿಯುವವಳು. ಬೆಳಗಾವಿಯ ಬಟ್ಟೆ ಅಂಗಡಿಗಳಿಗೆ ಕಟ್ಟುಗಟ್ಟಲೆ ಹೊಲಿದು ಕಳಿಸುತ್ತಿದ್ದಳು. ಲಂಗದ ಕೆಳಗಿನ ಸುತ್ತಳತೆಗೆ ಅವಳು ಘೇರ ಎನ್ನುತ್ತಿದ್ದಳು. ಘೇರ ಹೆಚ್ಚಾದರೆ ಲಂಗ ದೊಡ್ಡದು, ಕಡಿಮೆಯಾದರೆ ಸಣ್ಣದು. ನಮ್ಮ ಮನೆಯಲ್ಲಿ ತಾಟಿಗೂ ಚಾಪೆಗೂ ಅದೇ ಮಾತು ನಡೆಯುತ್ತಿತ್ತು.

ಅಕ್ಕನೂ ಹೊಲಿಯುತ್ತಾಳೆ. ತನ್ನ ಪಾಲಿನಲ್ಲಿ ಒಂದು ಕೋಣೆ ಕಟ್ಟಿ, ನಡುವೆ ಬಟ್ಟೆ ಕತ್ತರಿಸುವ ಮೇಜು, ಆಚೆ ಈಚೆ ಅವ್ವನ ಮಷೀನು, ತನ್ನ ಮಷೀನು ಎದುರುಬದುರು ಇಡಬೇಕೆಂಬುದು ಅವಳ ಆಸೆ. ಅದಕ್ಕೆ ಕೋಣೆಯ ಒಳಗೆ ಹನ್ನೆರಡು ಅಡಿ ಅಗಲವಾದರೂ ಬೇಕು.

ಜಾಗಕ್ಕೆ ಒಂದೇ ಆಕಾರವಿರಲಿಲ್ಲ. ಒಂದು ತುಂಡು ಮೂವತ್ತು ಅಡಿ ಉದ್ದ, ಮೂವತ್ತು ಅಡಿ ಅಗಲದ ಚೌಕ. ಅದರ ಒಂದು ಬದಿಗೆ ಉದ್ದಕ್ಕೂ ಹತ್ತಿಕೊಂಡೇ ಹದಿನೈದು ಅಡಿ ಅಗಲದ ಪಟ್ಟಿ, ನೆರೆಯವರ ಬಾವಿಯ ಪಕ್ಕದಿಂದ ಹಿಂದಕ್ಕೆ ನಲವತ್ತೈದು ಅಡಿ ಹೋಗುತ್ತದೆ. ಅವ್ವ ಲಾಡಿಗೆ ಲಾಡಿ ಗಂಟು ಹಾಕಿ ಚೌಕದ ಸುತ್ತ ಗೂಟಗಳಿಗೆ ಎಳೆದಳು. ಅದನ್ನೇ ಬಿಚ್ಚಿ ಪಟ್ಟಿಯ ಸುತ್ತ ಎಳೆದಾಗ ತುದಿಗೆ ತುದಿ ಕೂಡಿತು.

"ನೋಡ್ರಿ, ಒಂದ ಬೊಟ್ಟು ಹೆಚ್ಚಿಲ್ಲ, ಕಡಿಮಿಲ್ಲ" ಎಂದಳು.

ನಾವು ಕಾಕು ಎಂದು ಕರೆಯುವ ಬಾವಿ ಮನೆಯಾಕೆ ಕಟ್ಟೆಯ ಮೇಲಿಂದಲೇ ಕೇಳಿದಳು: "ಮಗಳಿಗೂ ಸಮಾ ಕೊಡಾಕ ಹತ್ತೀಯೇನ?"

"ನನಗ ಯಾರರೆ ಕೊಟ್ಟಿದ್ರ ನಾ ಯಾಕ ಇಷ್ಟ ಲಂಗಾ ಹೊಲೀತಿದ್ದೆ?"

ಚೌಕ ನನಗೆ ಬಂತು. ಹಿಂದೆ ತಂಪಿರುತ್ತದೆ, ಹೊಲಿಯಲು ಒಳ್ಳೆಯದು ಎಂದು ಪಟ್ಟಿಯನ್ನು ಅಕ್ಕನಿಗೆ ಕೊಟ್ಟಳು.

ನಾನು ಗುಣಿಸಿ ಹೇಳಿದೆ. ಸುತ್ತಳತೆ ಎರಡಕ್ಕೂ ನೂರಾ ಇಪ್ಪತ್ತು ಅಡಿ. ವಿಸ್ತೀರ್ಣ ಮಾತ್ರ ನನ್ನದು ಒಂಬೈನೂರು ಚದರ ಅಡಿ, ಅಕ್ಕನದು ಆರುನೂರಾ ಎಪ್ಪತ್ತೈದು. ನಡುವಿನ ಗೂಟಗಳನ್ನು ನನ್ನ ಕಡೆ ನಾಲ್ಕು ಅಡಿ ಸರಿಸಿದರೆ ಹೆಚ್ಚುಕಡಿಮೆ ಸಮ ಆಗುತ್ತದೆ.

ಅವ್ವ ಗೂಟ ಸರಿಸಿ ಮತ್ತೆ ಲಾಡಿ ಎಳೆದಳು. ನನ್ನ ಕಡೆ ಅದು ಸಡಿಲಾಗಿ ಜೋತುಬಿತ್ತು. ಅಕ್ಕನ ಕಡೆ ಸಾಲಲಿಲ್ಲ.

"ನಿನ್ನ ಘೇರ ಕಡಿಮಿ ಆತು, ಆಕೀದು ಹೆಚ್ಚಾತು. ಇದ್ಯಾವ ಸಮಾನೋ ಯಪ್ಪಾ?"

ಗೂಟಗಳು ಮೊದಲಿನ ಜಾಗಕ್ಕೇ ಹೋದವು. ನಡುವಿನ ಗಡಿಗೆ ಅವ್ವ ಆ ಲಾಡಿಯನ್ನೇ ಕಟ್ಟಿಬಿಟ್ಟಳು.

"ತಮ್ಮಾ, ಸಾಲ್ಯಾಗ ಕಲ್ತದ್ದು ಸಾಲ್ಯಾಗ ಬಿಟ್ಟ ಬಾ" ಎಂದು ಅಕ್ಕ ನಕ್ಕಳು. "ಅವ್ವನ ಮುಂದ ಅದು ಪಾಸ್ ಆಗೂದಿಲ್ಲ."

ಆಗಸ್ಟಿನಲ್ಲಿ ಅವ್ವ ಬೆಳಗಾವಿಯ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳನ್ನು ಗಾಡಿಯಲ್ಲಿ ಖಾನಾಪುರಕ್ಕೆ ತಂದೆವು. ದಾರಿಯಲ್ಲಿ ದೇಸೂರ ದಾಟುವವರೆಗೂ ನಾನು ಕಿಟಕಿಯ ಗಾಜಿನ ಉದ್ದ, ಅಗಲ ಅಂದಾಜು ಮಾಡಿ ಗುಣಿಸುತ್ತಿದ್ದೆ. ಉತ್ತರ ನೆನಪಿಲ್ಲ. ಅಳು ಬರಲಿಲ್ಲ.

ದಿನಕರ್ಮ ಮುಗಿದ ಮೇಲೆ ಜಾಗಕ್ಕೆ ಹೋದೆವು. ಮಳೆಗೆ ನೆನೆದು ಲಾಡಿ ಕಪ್ಪಾಗಿತ್ತು. ಗಂಟುಗಳು ಹಾಗೇ ಇದ್ದವು.

"ಅಕ್ಕಾ, ಈಗರೆ ಗೂಟ ಸರಿಸೂಣು" ಎಂದೆ.

"ಬ್ಯಾಡ. ಅವ್ವ ಕಟ್ಟ್ಯಾಳ."

"ಎರಡ ಮಷೀನ ಎದುರುಬದುರು ಹಿಡ್ಸಾಂಗಿಲ್ಲ."

"ಎಷ್ಟ ಹಿಡಸ್ತಾವ ಅಷ್ಟ ಇಡೂಣು."

ನಾನು ನಾಲ್ಕು ಅಡಿಯ ಮಾತನ್ನು ಮತ್ತೊಮ್ಮೆ ಹೇಳಿದೆ. ಅವಳು ಒಂದು ಗೂಟ ವಾಲಿದ್ದನ್ನು ನೆಟ್ಟಗೆ ಮಾಡಿ ಕಲ್ಲಿನಿಂದ ಬಡಿದಳು.

ಈ ವರ್ಷ ಮೇ ತಿಂಗಳಲ್ಲಿ ಅಕ್ಕನ ಕೋಣೆಗೆ ತಗಡು ಹೊದಿಸಿದರು. ಎರಡೂ ಬದಿಗೆ ಜಾಗ ಬಿಟ್ಟು, ಗೋಡೆಯ ದಪ್ಪ ಕಳೆದು, ಒಳಗೆ ಉಳಿದ ಅಗಲ ಒಂಬತ್ತು ಅಡಿ. ಮೇಜು ಮತ್ತು ಅಕ್ಕನ ಮಷೀನು ಅಲ್ಲಿವೆ. ಅವ್ವನ ಮಷೀನು ಬೆಳಗಾವಿಯಲ್ಲಿ, ನನ್ನ ಮನೆಯಲ್ಲಿದೆ.