ಹನ್ನೊಂದು ದಿನ ಮುಚ್ಚಿದ ಟ್ರಂಕು

‘ಹನ್ನೊಂದನೆಯ ದಿನ ತೆಗೆಯೋಣ’ ಎಂದು ಮೊದಲು ಹೇಳಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ಈ ಸಂಗತಿಯನ್ನು ಹಲವರ ಮುಂದೆ ಹೇಳಿದ್ದೇನೆ. ಹೇಳುವಾಗಲೆಲ್ಲ ಆ ಮಾತನ್ನು ನರ್ಸಬಾಯಿಯವರ ಅಣ್ಣನ ಮಗನ ಬಾಯಿಗೆ ಹಾಕಿದ್ದೇನೆ. ಒಬ್ಬನೇ ಕುಳಿತು ನೆನೆದಾಗ ಮಾತ್ರ ಅದು ಬೇರೆ ಥರ ಕೇಳಿಸುತ್ತದೆ. ಖಾನಾಪುರದ ಆ ಮನೆಯ ಹಿತ್ತಲು, ಮಣ್ಣು ಮಾಡಿ ಬಂದವರು ಕಾಲು ತೊಳೆಯುತ್ತಿದ್ದಾರೆ, ನನ್ನ ಕೈಯಲ್ಲಿ ಯಾರದೋ ಒದ್ದೆ ಟವೆಲು, ಮತ್ತು ಆ ಮಾತು ನನ್ನದೇ ಧ್ವನಿಯಲ್ಲಿ. ಯಾವುದು ನಡೆದದ್ದು, ಯಾವುದು ಸಿಟ್ಟಿನಲ್ಲಿ ನಾನೇ ಕಟ್ಟಿಕೊಂಡದ್ದು ತಿಳಿಯದು. ಸಿಟ್ಟು ಮಾತ್ರ ಇನ್ನೂ ಹಾಗೇ ಇದೆ.

ನರ್ಸಬಾಯಿ ಎಂದೇ ಊರೆಲ್ಲ ಅವರನ್ನು ಕರೆಯುತ್ತಿತ್ತು. ಹುಟ್ಟಿದ್ದು ಬೆಳಗಾವಿಯ ಒಂದು ಅರಿವೆ ವ್ಯಾಪಾರದ ಮನೆತನದಲ್ಲಿ. ಮದುವೆ ಒಲ್ಲೆನೆಂದು, ಅಪ್ಪನ ಮಾತು ಮೀರಿ ಹೆರಿಗೆ ಮಾಡಿಸುವ ವಿದ್ಯೆ ಕಲಿತು, ಸರಕಾರಿ ದವಾಖಾನೆಯ ಕೆಲಸಕ್ಕೆಂದು ಖಾನಾಪುರಕ್ಕೆ ಬಂದವರು ಅಲ್ಲೇ ಉಳಿದರು. ಸ್ಟೇಶನ್ನಿನ ಹತ್ತಿರ ಎರಡು ಖೋಲಿಯ ಹಂಚಿನ ಮನೆ ಕೊಂಡರು. ನಿವೃತ್ತರಾದ ಮೇಲೆ ಮುಂದಿನ ಖೋಲಿಯಲ್ಲಿ ನಾಲ್ಕು ಚಾಪೆ ಹಾಸಿದರು. ಪಶ್ಚಿಮದ ಕಾಡಿನ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಹಳ್ಳ ದಾಟುವಂತಿಲ್ಲ, ಚಕ್ಕಡಿ ಬರುವಂತಿಲ್ಲ. ಅಲ್ಲಿಯ ಬಸುರಿಯರು ಹದಿನೈದು ದಿನ ಮುಂಚೆಯೇ ಬಂದು ಆ ಖೋಲಿಯಲ್ಲಿ ಉಳಿಯುತ್ತಿದ್ದರು. ನೀರು ಕಾಸಲು, ಬಟ್ಟೆ ಒಗೆಯಲು, ನೋವು ತಿನ್ನುವವರ ಬೆನ್ನು ಹಿಡಿಯಲು ಒಬ್ಬ ಮರಾಠಿ ವಿಧವೆ ಇದ್ದಳು. ನಾವೆಲ್ಲ ಅವಳಿಗೆ ಮಾವಶಿ ಅನ್ನುತ್ತಿದ್ದೆವು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಸೂರಿನಡಿ ಇದ್ದರು. ನರ್ಸಬಾಯಿ ಕನ್ನಡದಲ್ಲಿ ಬೈದರೆ ಮಾವಶಿ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು, ಬೇಳೆ ಮಾತ್ರ ಹೊತ್ತಿಗೆ ಸರಿಯಾಗಿ ಬೇಯುತ್ತಿತ್ತು.

ನನ್ನ ಹೆಂಡತಿಯ ತವರು ಖಾನಾಪುರ. ನಮ್ಮ ಮೊದಲ ಮಗಳು ಹುಟ್ಟಿದ್ದು ಆ ಮುಂದಿನ ಖೋಲಿಯಲ್ಲೇ. ನಾನು ಹೊರಗೆ ಅತ್ತಿಂದಿತ್ತ ಅಲೆಯುತ್ತಿದ್ದೆ. ಅವರು ಬಾಗಿಲು ತೆರೆದು ನೋಡಿ, “ಮಾಸ್ತರ, ನೀವು ತಿರಗ್ಯಾಡಿದ್ರ ಕೂಸು ಲಗೂನ ಬರೂದಿಲ್ಲ. ಕುಂದರ್ರಿ ಒಂದ್ಕಡೆ” ಎಂದರು. ಅಲ್ಲಿಂದ ಸ್ನೇಹ. ನಾನು ಆಗ ಬೆಳಗಾವಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದೆ. ಯಾವುದನ್ನೂ ಪುರಾವೆ ಇಲ್ಲದೆ ಒಪ್ಪಬಾರದು ಎನ್ನುವ ವಿಶ್ವವಿದ್ಯಾಲಯದ ಹುರುಪು ಇನ್ನೂ ಇಳಿದಿರಲಿಲ್ಲ. ರವಿವಾರದ ಪ್ಯಾಸೆಂಜರ್ ಗಾಡಿಗೆ ಹೋಗಿ ಅವರ ಜೊತೆ ದೇವರು, ದೆವ್ವ, ಗ್ರಹಣ ಎಂದು ವಾದಿಸಿ ಸಂಜೆ ಗಾಡಿಗೆ ಮರಳುತ್ತಿದ್ದೆ. ವಾದದಲ್ಲಿ ಹೆಚ್ಚಾಗಿ ಅವರೇ ಗೆಲ್ಲುತ್ತಿದ್ದರು, ಯಾಕೆಂದರೆ ಅವರು ಕಂಡದ್ದನ್ನು ಹೇಳುತ್ತಿದ್ದರು, ನಾನು ಓದಿದ್ದನ್ನು.

ಒಂದು ಸಂಗತಿ ಅವರು ನಗುತ್ತಲೇ ಹೇಳಿದ್ದರು. ಬೆಳಗಾವಿಯ ಅಣ್ಣನ ಮನೆಗೆ ಹೋದರೆ ಅವರು ಮೊದಲು ಹಿತ್ತಲಿನಲ್ಲಿ ಸ್ನಾನ ಮಾಡಬೇಕಿತ್ತು. ನೀರಿಗೆ ಬೇರೆ ಲೋಟ. ಹೆರಿಗೆ ಮಾಡಿಸಿದ ಕೈ, ಸೂತಕದ ಕೈ. ಇದು ಬಸವಣ್ಣನವರ ಪಟಕ್ಕೆ ದಿನವೂ ಹೂವು ಏರಿಸುವ ಮನೆ. ಹುಟ್ಟಿಗೂ ಸಾವಿಗೂ ಮುಟ್ಟಿಗೂ ಮೈಲಿಗೆ ಇಲ್ಲ ಎಂಬುದು ಆ ಧರ್ಮದ ಮೊದಲ ಮಾತುಗಳಲ್ಲೊಂದು. ಹಾಗೆಂದು ಅಣ್ಣನಿಗೆ ಯಾಕೆ ಹೇಳಲಿಲ್ಲ ಎಂದು ನಾನು ಸಿಡಿದಾಗ ಅವರು, “ಅವಗೂ ಗೊತ್ತೈತಿ, ಮಾಸ್ತರ. ಗೊತ್ತಿದ್ದವಗ ಏನ್ ಹೇಳೂದು?” ಎಂದಿದ್ದರು. ಅಣ್ಣ ಸತ್ತ ಮೇಲೆ ಅವನ ಮಗ ಲೋಟದ ಪದ್ಧತಿಯನ್ನು ಮುಂದುವರಿಸಿದ. ಅತ್ತೆಯ ಮನೆಗೆ ಅವನು ಬಂದದ್ದು ನಾನು ಕಂಡ ಹಾಗೆ ಎರಡು ಸಲ. ಎರಡು ಸಲವೂ ಕಟ್ಟೆಯ ಮೇಲೆ ಕೂತು, ನೀರು ಕೂಡ ಒಲ್ಲೆನೆಂದು ಎದ್ದು ಹೋದ.

ಎಪ್ಪತ್ತರ ದಶಕದ ಕೊನೆಗೆ ಅವರಿಗೆ ಉಸಿರಾಟದ ತೊಂದರೆ ಶುರುವಾಯಿತು. ಮೃತ್ಯುಪತ್ರ ಬರೆಯಬೇಕು, ಅದನ್ನು ನಡೆಸಿಕೊಡುವ ಹೊಣೆ ನೀವು ಹೊರಬೇಕು ಎಂದರು. ಇಷ್ಟೇ ಅವರ ಇಚ್ಛೆ: ಮಾವಶಿ ಬದುಕಿರುವತನಕ ಮನೆ ಅವಳದು, ಮುಂದಿನ ಖೋಲಿ ಬಸುರಿಯರದು; ಅವಳ ನಂತರ ಮನೆ ಸರಕಾರಿ ದವಾಖಾನೆಗೆ. ಮನೆ ಅವರ ಸ್ವಂತ ದುಡಿಮೆಯದು, ಯಾರ ಹಂಗೂ ಇರಲಿಲ್ಲ. ನಾನು ಪುಸ್ತಕ ತಿರುವಿ, ವಕೀಲ ಗೆಳೆಯನನ್ನು ಕೇಳಿ, ಕರಡು ಮಾಡಿಕೊಂಡು ಹೋದೆ. ನೋಂದಣಿ ಮಾಡಿಸೋಣವೇ ಎಂದಾಗ ಅವರು ತಲೆ ಅಲ್ಲಾಡಿಸಿದರು.

“ಕಚೇರಿ ಕಟ್ಟಿ ಮ್ಯಾಲೆ ಕುಂತ ಬಾಂಡ್ ಬರಿಯಾಂವಗ ಒಮ್ಮೆ ಹೇಳಿದ್ರ, ಸಂಜಿ ಗಾಡಿಗೆ ಸುದ್ದಿ ಬೆಳಗಾವಿ ಮುಟ್ಟತೈತಿ. ಬ್ಯಾಡ.”

ಇಲ್ಲಿ ನಾನು ಹಟ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಬದಲಿಗೆ ನನ್ನ ತಿಳಿವಳಿಕೆ ತೋರಿಸಿದೆ. ಮೃತ್ಯುಪತ್ರಕ್ಕೆ ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಎದುರು ಸಹಿ ಇದ್ದರೆ ಸಾಕು ಎಂದು ವಿವರಿಸಿದೆ. ಕಾನೂನಿನ ಪ್ರಕಾರ ನಾನು ಹೇಳಿದ್ದು ಸರಿ. ಜೀವನದಲ್ಲಿ ನಾನು ಹೇಳಿದ ಸರಿ ಮಾತುಗಳಲ್ಲಿ ಅಷ್ಟು ಹಾನಿ ಮಾಡಿದ್ದು ಇನ್ನೊಂದಿಲ್ಲ. ದವಾಖಾನೆಯ ಹಳೆಯ ಕಂಪೌಂಡರ್ ಮತ್ತು ಸ್ಟೇಶನ್ನಿನ ಒಬ್ಬ ಮುದಿ ಹಮಾಲ ಸಾಕ್ಷಿ ಹಾಕಿದರು. ಒಂದೇ ಪ್ರತಿ. ಅದನ್ನು ಅವರು ಪತ್ರಾಸಿನ, ಅಂದರೆ ತಗಡಿನ, ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಎರಡು ಕೀಲಿಕೈಗಳಲ್ಲಿ ಒಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಮಾವಶಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮೂರು ವರ್ಷದ ಮೇಲೆ, ಒಂದು ಮಳೆಗಾಲದಲ್ಲಿ ಅವರು ತೀರಿಕೊಂಡರು. ಕಂಪೌಂಡರ್ ಬಸ್ಸಿಗೆ ಬಂದು ಕಾಲೇಜಿನಲ್ಲೇ ಸುದ್ದಿ ಹೇಳಿದ. ನಾನು ಮನೆಗೆ ಓಡಿ, ಮೇಜಿನೊಳಗಿನ ಡಬ್ಬಿಯಿಂದ ಕೀಲಿಕೈ ತೆಗೆದುಕೊಂಡು ಹೋದೆ. ನಾನು ಮುಟ್ಟುವಷ್ಟರಲ್ಲಿ ಅವರನ್ನು ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ಅಣ್ಣನ ಮಗ ಬಂದಿದ್ದ, ಬೆಳಗಾವಿಯಿಂದ ಸ್ವಾಮಿಗಳನ್ನೂ ಕರೆತಂದಿದ್ದ. ಆ ಮನೆಯ ಹೊಸ್ತಿಲನ್ನು ಅವನು ದಾಟಿದ್ದು ಅದೇ ಮೊದಲು. ಮಾವಶಿ ಒಲೆಯ ಹತ್ತಿರ ಒಂದು ಮೂಲೆಯಲ್ಲಿದ್ದಳು. ಹೂವು ಹಾಕಲು ಅವಳನ್ನು ಯಾರೂ ಕರೆಯಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಿತ್ತಲಿನಲ್ಲಿ ಅಣ್ಣನ ಮಗನಿಗೆ ಮೃತ್ಯುಪತ್ರದ ಸಂಗತಿ ಹೇಳಿದೆ. ಅದು ಟ್ರಂಕಿನಲ್ಲಿದೆ ಎಂದೂ ಹೇಳಿದೆ. ಅಷ್ಟು ಹೇಳಿದ್ದು ನಾನೇ, ಅದರಲ್ಲಿ ಸಂಶಯವಿಲ್ಲ. ಅವನು ಬೆಚ್ಚಲಿಲ್ಲ, ಸಿಟ್ಟಾಗಲಿಲ್ಲ. ಬಹಳ ಮೆಲ್ಲಗೆ ಮಾತಾಡಿದ.

“ಸರ, ಮನ್ಯಾಗ ಸೂತಕ ಐತಿ. ಹನ್ನೊಂದು ದಿನಾ ನಾವು ಹೊರಗಿನ ವ್ಯವಹಾರ ಮಾಡಂಗಿಲ್ಲ, ಸತ್ತವ್ರ ಸಾಮಾನ ಮುಟ್ಟಂಗಿಲ್ಲ. ನೀವು ಕಲತವ್ರು. ನಿಮಗ ನಾ ಏನ್ ಹೇಳೂದು?”

ನನ್ನ ಅಂಗಿಯ ಕಿಸೆಯಲ್ಲಿ ಕೀಲಿಕೈ ಇತ್ತು. ಟ್ರಂಕು ಹತ್ತು ಹೆಜ್ಜೆ ದೂರದಲ್ಲಿತ್ತು. ನಿಮ್ಮ ಧರ್ಮದಲ್ಲಿ ಸೂತಕ ಎಲ್ಲಿಯದು ಎಂದು ಕೇಳಬಹುದಿತ್ತು. ನೀರು ಕುಡಿಯದ ಮನೆಯಲ್ಲಿ ನಿನಗೆ ಯಾವ ಸಾವಿನ ಮೈಲಿಗೆ ಎಂದು ಕೇಳಬಹುದಿತ್ತು. ಗ್ರಹಣದ ಹೊತ್ತಿಗೆ ವಿದ್ಯಾರ್ಥಿಗಳ ಮುಂದೆ ಅವಲಕ್ಕಿ ತಿಂದು ತೋರಿಸಿದವನು ನಾನು. ಅವತ್ತು ಎರಡನ್ನೂ ಕೇಳಲಿಲ್ಲ. ಒಲೆ ಹೊತ್ತದ ಮನೆಯಲ್ಲಿ ಆಸ್ತಿಯ ಮಾತು ತೆಗೆಯಬಾರದು ಎಂಬ ನಮ್ಮ ಕಡೆಯ ಸಭ್ಯತೆ ಅಡ್ಡ ಬಂತು ಎಂದು ಬಹಳ ದಿನ ಹೇಳಿಕೊಂಡೆ. ಅದೂ ಸುಳ್ಳು. ಈ ಹೊರಗಿನವನಿಗೆ ಇದರಲ್ಲಿ ಏನು ಲಾಭ ಎಂದು ಅಲ್ಲಿದ್ದ ನಾಲ್ಕು ಜನ ಕೇಳಿಯಾರು ಎಂಬ ಹೆದರಿಕೆ ಅದು. ನನ್ನ ಮರ್ಯಾದೆ ಉಳಿಸಿಕೊಳ್ಳಲು ಇನ್ನೊಬ್ಬರ ಮನೆ ಕೊಟ್ಟೆ.

ಹನ್ನೊಂದು ದಿನ ಮನೆ ಮುಚ್ಚಿರುತ್ತದೆ, ನೀನು ನಿಮ್ಮವರ ಹತ್ತಿರ ಹೋಗು ಎಂದು ಅವನು ಮಾವಶಿಗೆ ಹೇಳಿಸಿದ. ಅವಳು ನನ್ನ ಮುಖ ನೋಡಿದಳು. “ಹನ್ನೊಂದೇ ದಿನ, ಮಾವಶಿ” ಎಂದೆ. ಯಾವ ಮಾತು ಯಾರದೆಂದು ಮರೆತರೂ ಈ ಮಾತು ನನ್ನದೆಂಬುದನ್ನು ಮರೆತಿಲ್ಲ. ಅವಳು ಒಂದು ಗಂಟು ಕಟ್ಟಿಕೊಂಡು ತಮ್ಮನ ಊರಿಗೆ ಹೋದಳು.

ಆ ನಡುವಿನ ದಿನಗಳಲ್ಲಿ ನಾನು ಎಂದಿನಂತೆ ಪಾಠ ಮಾಡಿದೆ. ಅದೇ ವಾರ ಒಂದು ಅಭ್ಯಾಸಕೂಟದಲ್ಲಿ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡಿದೆ ಎಂಬ ನೆನಪಿದೆ. ಅದು ನಿಜವೋ, ಅಥವಾ ನನ್ನನ್ನು ಶಿಕ್ಷಿಸಿಕೊಳ್ಳಲು ಆಮೇಲೆ ಸೇರಿಸಿಕೊಂಡದ್ದೋ, ಹೇಳಲಾರೆ.

ಹನ್ನೊಂದನೆಯ ದಿನ ಹೋದಾಗ ಮುಂಬಾಗಿಲಿಗೆ ಹೊಸ ಕೀಲಿ ಬಿದ್ದಿತ್ತು. ಮಾವಶಿ ಆಗಲೇ ಬಂದು ಕಟ್ಟೆಯ ಮೇಲೆ ಗಂಟು ಇಟ್ಟುಕೊಂಡು ಕೂತಿದ್ದಳು. ಅವನು ಇಬ್ಬರು ಹಿರಿಯರೊಡನೆ ಬಂದು ಬಾಗಿಲು ತೆರೆದ. “ಬರ್ರಿ ಸರ, ಎಲ್ಲಾರ ಮುಂದನ ತಗೀರಿ” ಎಂದ. ನಾನು ಕೀಲಿಕೈ ಹಾಕಿ ತಿರುವಿದೆ, ಟ್ರಂಕು ತೆರೆಯಿತು. ಆರು ಬಿಳಿ ಸೀರೆ, ಬಸುರಿಯ ಹೊಟ್ಟೆಗೆ ಆನಿಸಿ ಕೂಸಿನ ಎದೆಬಡಿತ ಕೇಳುವ ಕಟ್ಟಿಗೆಯ ಕೊಳವೆ, ದವಾಖಾನೆಯ ಹಳೆಯ ಕಾಗದಗಳು. ಮೃತ್ಯುಪತ್ರ ಇರಲಿಲ್ಲ. ಸೀರೆಗಳನ್ನು ಒಂದೊಂದಾಗಿ ಕೊಡವಿದೆ. ಆಗ ನರ್ಸಬಾಯಿಯವರ ಸೊಂಟದಲ್ಲಿದ್ದ ಇನ್ನೊಂದು ಕೀಲಿಕೈಯ ನೆನಪಾಯಿತು. ಮೈ ತೊಳೆಸುವಾಗ ಅದನ್ನು ಯಾರು ಬಿಚ್ಚಿಕೊಂಡರು ಎಂದು ಕೇಳಿದೆ. ಯಾರಿಗೂ ನೆನಪಿರಲಿಲ್ಲ.

“ಅತ್ತಿ ತಾನ ಮನಸು ಬದಲ ಮಾಡಿ ಹರದಿರಬೇಕ್ರಿ, ಸರ” ಎಂದ ಅವನು. “ವಯಸ್ಸಾದವ್ರು.”

ಮಾವಶಿ ಅವನನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡ ಬರುತ್ತಿತ್ತು, ಬೇಕಾದಾಗ ಮಾತ್ರ ಆಡುತ್ತಿದ್ದಳು.

“ಮಾಸ್ತರ, ಹೊಟ್ಟ್ಯಾಗ ಕೂಸು ಅಡ್ಡ ಬಿದ್ದರ, ಅಮಾಸಿ ಕಳೀಲಿ ಅಂತ ನರ್ಸಬಾಯಿ ಯಾವಾಗರೆ ಕಾದಾರೇನ್ರಿ?”

ಇಷ್ಟು ಹೇಳಿ ಟ್ರಂಕಿನಿಂದ ಕಟ್ಟಿಗೆಯ ಕೊಳವೆ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಯಾರೂ ತಡೆಯಲಿಲ್ಲ. ಗಂಟು ಎತ್ತಿಕೊಂಡು ನಡೆದಳು.

ನಾನು ವಕೀಲ ಗೆಳೆಯನ ಹತ್ತಿರ ಓಡಿದೆ. ನನ್ನ ನೋಟುಬುಕ್ಕಿನ ಕರಡು ತೋರಿಸಿದೆ. ಅವನು ಅದನ್ನು ಓದಿ, ಇದು ನಿನ್ನ ಅಕ್ಷರ, ಆಕೆಯ ಸಹಿ ಎಲ್ಲಿ ಎಂದ. ಆಕೆಯ ಕೈಯಲ್ಲೇ ಇದ್ದ ಕಾಗದ ಸತ್ತ ಮೇಲೆ ಸಿಗದಿದ್ದರೆ, ಆಕೆಯೇ ಹರಿದು ಹಾಕಿದಳು ಎಂದು ಕೋರ್ಟು ಮೊದಲು ನಂಬುತ್ತದೆ. ಅಲ್ಲ ಎಂದು ತೋರಿಸುವ ಭಾರ ನಿನ್ನದು ಎಂದೂ ಹೇಳಿದ. ಹಮಾಲ ಅಷ್ಟರಲ್ಲಿ ಸತ್ತಿದ್ದ. ಕಂಪೌಂಡರ್ ಸಹಿ ಹಾಕಿದ್ದು ಖರೆ, ಆದರೆ ಅದರಲ್ಲಿ ಏನು ಬರೆದಿತ್ತೋ ಓದಿಲ್ಲ ಎಂದ. ದಾವೆ ಹೂಡುವ ಮಾತು ಹೇಳಲು ಮಾವಶಿಯ ತಮ್ಮನ ಊರಿಗೆ ಹೋದೆ. ಅವಳು ಮಜ್ಜಿಗೆ ಕೊಟ್ಟಳು. ಕೋರ್ಟಿನ ಮಾತು ತೆಗೆದಾಗ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ದಾವೆಯ ಮಾತು ಅಲ್ಲಿಗೇ ನಿಂತಿತು.

ಮುಂದಿನ ಖೋಲಿ ಹಂಚಿನ ವ್ಯಾಪಾರಿಯೊಬ್ಬನ ಗೋದಾಮಾಯಿತು. ಆ ಮಳೆಗಾಲ ಕಾಡಿನ ಕಡೆಯಿಂದ ಬಂದ ಬಸುರಿಯರು ಕೀಲಿ ನೋಡಿ ಮರಳಿದರು. ಒಬ್ಬಳು ಸ್ಟೇಶನ್ನಿನ ಬಾಕಿನ ಮೇಲೆ ಹಡೆದಳು ಎಂದು ಕೇಳಿದ್ದೇನೆ. ಹೇಳಿದವನು ಮಾತು ಬೆಳೆಸುವ ಮನುಷ್ಯ, ಅದಕ್ಕೆ ನಾನು ಜವಾಬ್ದಾರನಲ್ಲ. ಮಿಕ್ಕ ಎಲ್ಲದಕ್ಕೂ ಜವಾಬ್ದಾರ.

ವರ್ಷಗಳು ಹೋದಂತೆ ನನಗೆ ನನ್ನ ಸಿಟ್ಟಿನ ಮೇಲೇ ಸಂಶಯ ಬರತೊಡಗಿತು. ಅಣ್ಣನ ಮಗ ಹೇಳಿದಂತೆ ನರ್ಸಬಾಯಿಯವರೇ ಆ ಕಾಗದ ಹರಿದಿರಬಹುದಲ್ಲವೇ? ಸೂತಕವನ್ನು ಅವನು ಮನಸಾರೆ ನಂಬಿರಬಹುದಲ್ಲವೇ? ಅವನು ದುಷ್ಟನೆಂಬುದು ನನ್ನ ಹೇಡಿತನಕ್ಕೆ ನಾನೇ ಹೊದಿಸಿದ ಹೊದಿಕೆ ಇರಬಹುದಲ್ಲವೇ? ಸಾಕ್ಷ್ಯವಿಲ್ಲದ ನೆನಪನ್ನು ನಂಬಬಾರದೆಂದು ಕಲಿತವನು ನಾನು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾವನವರ ಮನೆಯ ಖಾತೆ ಬದಲಾವಣೆಗೆಂದು ಖಾನಾಪುರದ ಕಚೇರಿಗೆ ಹೋಗಬೇಕಾಯಿತು. ನಮ್ಮ ಕಾಗದ ಹುಡುಕಲು ಕಾರಕೂನ ಹಳೆಯ ಕಟ್ಟುಗಳನ್ನು ಬಿಚ್ಚಿದ್ದ. ನರ್ಸಬಾಯಿಯವರ ಮನೆಯ ಕಾಗದವನ್ನೂ ನೋಡಬಹುದೇ ಎಂದು ಕೇಳಿದೆ. ಅವನ ಅವ್ವನ ಹೆರಿಗೆ ಮಾಡಿಸಿದವರೂ ಅವರೇ ಅಂತೆ, ಎರಡು ಮಾತಿಲ್ಲದೆ ತೆಗೆದುಕೊಟ್ಟ. ಮನೆ ತನ್ನ ಹೆಸರಿಗೆ ಮಾಡಿಕೊಡಬೇಕೆಂದು ಅಣ್ಣನ ಮಗ ಕೊಟ್ಟ ಅರ್ಜಿ ಅದರಲ್ಲಿತ್ತು. ‘ಖುದ್ದು ಹಾಜರಾಗಿ ಕೊಟ್ಟಿದ್ದು’ ಎಂಬ ಷರಾ, ಕಚೇರಿಯ ಮೊಹರು, ತಾರೀಖು. ನನ್ನ ನೆನಪನ್ನು ನಂಬದೆ, ಸಾವಿನ ದಾಖಲೆಯ ಪುಸ್ತಕ ತರಿಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅರ್ಜಿ ಕೊಟ್ಟಿದ್ದು ಸಾವಿನ ಮೂರನೆಯ ದಿನ. ಅದರ ನಾಲ್ಕನೆಯ ಸಾಲಿನಲ್ಲಿ ಬರೆದಿತ್ತು: ಮೃತಳು ಯಾವುದೇ ಮೃತ್ಯುಪತ್ರ ಮಾಡಿಟ್ಟಿರುವುದಿಲ್ಲ.